ಯಾರ ತಂಟೆಗೂ ಹೋಗದವನು ಒಳ್ಳೆಯವನಾ?

ದಾರಿಹೋಕ:
ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಬಂದವರೆಲ್ಲ ಒಂದೇ ಮಾತು ಹೇಳಿದರು. "ತುಂಬಾ ಒಳ್ಳೆ ಮನುಷ್ಯ. ಯಾರ ತಂಟೆಗೂ ಹೋದವರಲ್ಲ." ನಿಜ. ಕುಡಿತವಿರಲಿಲ್ಲ, ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಆದರೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ನಮ್ಮದು ಕೂಡುಕುಟುಂಬ. ದೊಡ್ಡಪ್ಪ ದೊಡ್ಡಮ್ಮನಿಗೆ ಹೊಡೆಯುತ್ತಿದ್ದರು. ಆ ಸದ್ದು ಶುರುವಾದರೆ ಅಪ್ಪ ಎದ್ದು ರೇಡಿಯೊ ಜೋರು ಮಾಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಅಂಥವರನ್ನು ಒಳ್ಳೆಯ ಮನುಷ್ಯ ಅನ್ನಬಹುದಾ? ಅಪ್ಪನನ್ನು ಬೈಯೋಕೆ ಕೇಳುತ್ತಿಲ್ಲ. ನನಗೂ ಒಬ್ಬ ಮಗ ಇದ್ದಾನೆ, ಅದಕ್ಕೇ ಕೇಳುತ್ತಿದ್ದೇನೆ.

ಹಳೇ ಪೆನ್ನು:
ನನಗೆ ಅರವತ್ತೆಂಟು ವರ್ಷ. ಅಣ್ಣನ ಎದುರು ತಮ್ಮ ದನಿ ಎತ್ತುವುದು ಅಂಥ ಮನೆಗಳಲ್ಲಿ ಸುಲಭದ ಮಾತಲ್ಲ. ಕೇಳಿದ್ದರೆ ಮನೆ ಒಡೆಯುತ್ತಿತ್ತು. ಆಮೇಲೆ ನಿಮ್ಮನ್ನೆಲ್ಲ ಕರೆದುಕೊಂಡು ಅವರು ಎಲ್ಲಿಗೆ ಹೋಗಬೇಕಿತ್ತು? ತಾನು ಕೆಟ್ಟದ್ದು ಮಾಡದೆ, ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಂಡು ಬಾಳಿದರಲ್ಲ, ಅದೇನು ಸಣ್ಣದಲ್ಲ. ಎಷ್ಟೋ ಜನರ ಕೈಲಿ ಅದೂ ಆಗುವುದಿಲ್ಲ.

ಮಳೆಹನಿ:
ಸರ್, ಮನೆ ಒಡೆಯುತ್ತಿತ್ತು ಅಂತೀರಿ. ಆ ಹೆಂಗಸಿನ ಪಾಲಿಗೆ ಅದು ಯಾವತ್ತೋ ಒಡೆದಿತ್ತು. ನಾನು ಏಟು ತಿಂದವಳ ಮಗಳು. ಹೊಡೆದವರ ಮುಖಕ್ಕಿಂತ, ನೋಡಿಯೂ ನೋಡದ ಹಾಗೆ ಹೋದವರ ಬೆನ್ನು ನನಗೆ ಜಾಸ್ತಿ ನೆನಪಿದೆ. ಅವರೆಲ್ಲ ಒಳ್ಳೆಯವರು ಅಂತಲೇ ಹೆಸರಾದವರು. ಪಾಪದ ಮನುಷ್ಯ, ಸಾಧು, ಸಂಭಾವಿತ ಅಂತೆಲ್ಲ ಅನ್ನುತ್ತೇವಲ್ಲ, ಅದರ ಅರ್ಥ ಇಷ್ಟೇ. ಇವನಿಂದ ನಮಗೆ ತೊಂದರೆ ಇಲ್ಲ. ಬಾಗಿಲಿನ ಆಚೆ ಏಟು ತಿನ್ನುತ್ತಿರುವವಳಿಗೆ ಇವನಿಂದ ಏನಾಯಿತು ಅಂತ ಯಾರೂ ಕೇಳುವುದಿಲ್ಲ.

ನಡುಹಗಲು:
ನಾನು ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಮಾತಾಡಲಿಕ್ಕೆ ಅಂತ ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ನರಳುತ್ತಿದ್ದ. ಅವನನ್ನು ಬೇಕೆಂದೇ ಕೂರಿಸಿದ್ದರು. ಇನ್ನೂ ಸಮಯವಿದೆ ಅಂತ ಕೇಳಿಸಿಕೊಂಡಿದ್ದವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ಬಂದರು. ತಡವಾಯಿತು, ಬೇಗ ಹೋಗಿ ಅನ್ನಿಸಿಕೊಂಡವರಲ್ಲಿ 10 ಮಾತ್ರ. ಅವರಲ್ಲಿ ಕೆಲವರು ಹೇಳಬೇಕಿದ್ದದ್ದೇ ಬೈಬಲ್ಲಿನಲ್ಲಿ ಬರುವ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರಿಯದವನ ಕಥೆ! ನಿಲ್ಲದೆ ಹೋದವರೇನೂ ಕಲ್ಲೆದೆಯವರಲ್ಲ. ಕೆಲವರು ತಳಮಳದಲ್ಲೇ ಆ ಕಡೆ ತಲುಪಿದ್ದರು. ದಾರಿಹೋಕರೇ, ನಿಮ್ಮ ಅಪ್ಪ ರೇಡಿಯೊ ಜೋರು ಮಾಡಿದ್ದು ಅವರಿಗೆ ಏನೂ ಅನ್ನಿಸದೆ ಇದ್ದುದರಿಂದಲ್ಲ. ಕೇಳಲಾಗದೆ.

ಮಳೆಹನಿ:
ತಳಮಳ ಇತ್ತು ಅಂತಲೇ ಇಟ್ಟುಕೊಳ್ಳೋಣ. ಆ ಹುಡುಗರ ಮುಂದೆ ಇದ್ದದ್ದು ಒಂದೆರಡು ನಿಮಿಷ. ಇಲ್ಲಿ ವರ್ಷಗಳಿದ್ದವು. ಮಾರನೇ ದಿನ ಬೆಳಗ್ಗೆ ಎಲ್ಲ ತಣ್ಣಗಾದ ಮೇಲೂ ಒಂದು ಮಾತು ಆಡಲಿಲ್ಲ ಅಲ್ವಾ? ಆಗ ಯಾವ ಅವಸರವಿತ್ತು?

ಹಳೇ ಪೆನ್ನು:
ಏನು ಮಾಡಬೇಕಿತ್ತು ಅಂತ ಹೇಳಿ ಅಮ್ಮಾ. ಅಣ್ಣನ ಕೊರಳಪಟ್ಟಿ ಹಿಡಿಯಬೇಕಿತ್ತಾ? ಎಲ್ಲರ ಕೈಲೂ ಅಷ್ಟು ಧೈರ್ಯ ಆಗುತ್ತದಾ?

ಕಂದೀಲು:
ಸರ್, ಇದಕ್ಕೆ ನಾನು ಹೇಳುತ್ತೇನೆ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮೈ ಲಾಯ್‌ನಲ್ಲಿ ಅಮೆರಿಕದ ಸೈನಿಕರು ಹಳ್ಳಿಯ ಜನರನ್ನು ಕೊಲ್ಲುತ್ತಿದ್ದರು. ಹ್ಯೂ ಥಾಂಪ್ಸನ್ ಅನ್ನುವ ಅವರದೇ ಪೈಲಟ್ ಹೆಲಿಕಾಪ್ಟರನ್ನು ಸೈನಿಕರಿಗೂ ಓಡುತ್ತಿದ್ದ ಹಳ್ಳಿಗರಿಗೂ ನಡುವೆ ಇಳಿಸಿದ. ಸಿಕ್ಕವರನ್ನು ಉಳಿಸಿದ. ಊರಿಗೆ ಮರಳಿದ ಮೇಲೆ ಅವನಿಗೆ ಸಿಕ್ಕಿದ್ದು ಕೊಲೆ ಬೆದರಿಕೆ. ಸೈನ್ಯ ಆ ಕೆಲಸಕ್ಕೆ ಸೋಲ್ಜರ್ಸ್ ಮೆಡಲ್ ಕೊಟ್ಟದ್ದು 1998ರಲ್ಲಿ. ಎಲ್ಲರೂ ಅವನಂತಾಗಲಿ ಅನ್ನುತ್ತಿಲ್ಲ. ಅವನು ಎಲ್ಲಿ ಇಳಿದ ಅಂತ ನೋಡಿ. ನಡುವೆ.

ಅದನ್ನೇ ಮಾಡಿದ ಇನ್ನೊಬ್ಬರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮಪ್ಪ ಅಮ್ಮನ ಮೇಲೆ ಕೂಗಾಡಲು ಶುರು ಮಾಡಿದ ಕೂಡಲೇ ಎದುರುಮನೆಯವರು ಬಂದು ಬಾಗಿಲು ತಟ್ಟುತ್ತಿದ್ದರು. ಒಂದು ಸಲ ಬೆಂಕಿಪೊಟ್ಟಣ ಬೇಕು. ಇನ್ನೊಂದು ಸಲ ಏಣಿ ಬೇಕು. ಒಮ್ಮೆ ರಾತ್ರಿ ಹನ್ನೊಂದಕ್ಕೆ ಬಂದು ಗಡಿಯಾರ ನಿಂತಿದೆ, ಟೈಮ್ ಎಷ್ಟು ಅಂತ ಕೇಳಿದರು. ಅಪ್ಪನಿಗೆ ಬುದ್ಧಿ ಹೇಳಲಿಲ್ಲ, ಜಗಳವನ್ನೂ ಆಡಲಿಲ್ಲ. ಸುಮ್ನೆ ಬಾಗಿಲಲ್ಲಿ ನಿಂತು ಐದು ನಿಮಿಷ ಮಾತಾಡುತ್ತಿದ್ದರು. ಅಷ್ಟರಲ್ಲಿ ಅಪ್ಪನ ಕೈ ಇಳಿದಿರುತ್ತಿತ್ತು. ಅವರು ಅಂಜುಬುರುಕರು. ಮಾತಾಡುವಾಗ ದನಿ ನಡುಗುತ್ತಿತ್ತು. ಕುಡಿಯುತ್ತಿದ್ದರು, ಸಾಲವೂ ಇತ್ತು. ಅವರನ್ನು ಯಾರೂ ಸಂಭಾವಿತ ಅನ್ನಲಿಲ್ಲ. ನಮ್ಮಮ್ಮ ಮಾತ್ರ ಇವತ್ತಿಗೂ ಅವರ ಹೆಸರು ಹೇಳುವಾಗ ಸೆರಗು ಸರಿಮಾಡಿಕೊಳ್ಳುತ್ತಾಳೆ.

ಮಳೆಹನಿ:
ನಮ್ಮ ಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ಓದುತ್ತಾ ಅತ್ತುಬಿಟ್ಟೆ.

ನಡುಹಗಲು:
ಇದನ್ನು ನಾಳೆ ತರಗತಿಯಲ್ಲಿ ಹೇಳುತ್ತೇನೆ. ಹೆದರಿಕೆ ಹೋಗಲಿ ಅಂತ ಕಾಯುತ್ತಾ ಕೂತರೆ ಆಗುವುದಿಲ್ಲ. ದನಿ ನಡುಗುತ್ತಿದ್ದರೂ ಮಾಡಬಹುದಾದ ಒಂದು ಸಣ್ಣ ಕೆಲಸ ಗೊತ್ತಿರಬೇಕು, ಅದು ರೂಢಿಯಾಗಬೇಕು.

ಹಳೇ ಪೆನ್ನು:
ಏಣಿಯ ವಿಷಯ ಓದಿ ಎದ್ದು ಸ್ವಲ್ಪ ಹೊತ್ತು ಓಡಾಡಿದೆ. ಬಾಗಿಲು ತಟ್ಟಬಹುದಿತ್ತು. ಒಪ್ಪಿದೆ. ಅದಕ್ಕೆ ಮನೆ ಒಡೆಯುತ್ತಿರಲಿಲ್ಲ. ನಾನೂ ತಟ್ಟದೆ ಬಿಟ್ಟ ಬಾಗಿಲುಗಳಿವೆ. ಆದರೆ ದಾರಿಹೋಕರೇ, ನಿಮ್ಮ ಅಪ್ಪನ ಇಡೀ ಬದುಕನ್ನು ಆ ರೇಡಿಯೊ ಒಂದರಿಂದಲೇ ತೂಗಬೇಡಿ. ನಿಮ್ಮ ಮೇಲೆ ಕೈ ಎತ್ತದ ಆ ಮನುಷ್ಯನೂ ಅವರೇ.

ದಾರಿಹೋಕ:
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಇವತ್ತು ಸಂಜೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅಪ್ಪನ ಮೇಲೆ ನಿಮಗೆ ಸಿಟ್ಟಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ರೇಡಿಯೊ ಹಾಕಿದರೆ ನನಗೆ ಗೊತ್ತಾಗ್ತಿತ್ತು, ಅವನು ಮನೇಲೇ ಇದಾನೆ ಅಂತ" ಅಂದರು. ಆಮೇಲೆ, "ಆಗ ನಿನಗೆ ಎಷ್ಟು ವರ್ಷ?" ಅಂತ ಕೇಳಿದರು. ಕೊನೆಕೊನೆಗೆ ಹದಿನೇಳು ಆಗಿತ್ತು ಅಂದೆ. "ಹೂಂ" ಅಂದರು. ಇನ್ನೇನೂ ಹೇಳಲಿಲ್ಲ.

ಭಾನುವಾರ ಮಗನನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ.