ಒಳಗಡಿಯಾರ: ಒಂಬತ್ತನೇ ತರಗತಿಗೆ ತೋರಿಸೋದು ಹೆಂಗ?

ಪ್ರಶ್ನೆ (ಹಟ್ಟಿ, ಲಿಂಗಸುಗೂರು ತಾಲೂಕು):
ಜೈವಿಕ ಗಡಿಯಾರದ (ಹೊರಗಿನ ಸುಳಿವಿಲ್ಲದೆ ಜೀವಿ ಒಳಗೇ ಹೊತ್ತಿನ ಲೆಕ್ಕ ಇಡೋದು) ಪಾಠ ನಡದದ. "ಕತ್ತಲಾತು, ಎಲೆ ಮುಚ್ಚಿತು. ಇದರಾಗ ಗಡಿಯಾರ ಎಲ್ಲಿಂದ ಬಂತ್ರಿ ಸರ್?" ಅಂತಾರ ಹುಡುಗರು. ಕೇಳೋದು ಸರಿನೇ ಅದ. ಮುಟ್ಟಿದರೆ ಮುನಿ ಕುಂಡ ಒಂದು, ಡಿಜಿಟಲ್ ಥರ್ಮಾಮೀಟರ್ ಒಂದು ಅದಾವ. ಏನ್ ಮಾಡಬಹುದು?

ಉತ್ತರ 1:
ಮುಟ್ಟಿದರೆ ಮುನಿ ಬಿಡ್ರಿ, ಹುಣಸೆ ಸಸಿ ಹಿಡೀರಿ. 1729ರಾಗ ಫ್ರಾನ್ಸಿನ ವಿಜ್ಞಾನಿ ದ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡನೇ ಕತ್ತಲದಾಗ ಇಟ್ಟು ನೋಡಿದ್ದು, ಖರೆ. ಆದ್ರ ಬೀರು ಬಾಗಿಲು ಅಲುಗಿದ್ರೂ ಅದು ಮುದುರ್ತದ. ಹುಣಸೆಗೆ ಆ ರಗಳೆ ಇಲ್ಲ.

ಎರಡು ಸಸಿ ಒಂದು ವಾರ ಕಿಟಕಿ ಹತ್ರ ಇಡ್ರಿ. ಆಮ್ಯಾಲೆ ಸಂಜಿಗೆ ಎಲೆ ಮುಚ್ಚಿದ ಮ್ಯಾಲೆ ಒಂದನ್ನ ಬೀರುವಿನೊಳಗ ಇಟ್ಟು, ಬಾಗಿಲ ಸಂದಿಗೆ ಕಪ್ಪು ಬಟ್ಟಿ ತುರುಕ್ರಿ. ಮರುದಿನ ಮುಂಜಾನೆ 9ಕ್ಕ ನೋಡ್ರಿ. ಬೆಳಕೇ ಕಾಣದ ಎಲೆ ತೆರದಿದ್ರ ಹುಡುಗರ ಪ್ರಶ್ನೆಗೆ ಅದೇ ಉತ್ತರ. ಮತ್ತ 1ಕ್ಕ, 4ಕ್ಕ ನೋಡಿ, ತೆರೆದ, ಅರೆ, ಮುಚ್ಚಿದ ಅಂತ ಬರಸ್ರಿ. ಕಿರು ಎಲೆ ಬುಡದಾಗ ಸಣ್ಣ ಉಬ್ಬು ಅದ, ಭೂತಗನ್ನಡಿಯಿಂದ ತೋರಸ್ರಿ. ಅದರ ಕೋಶದೊಳಗ ನೀರು ಹೊಕ್ಕು ಹೊಂಟಂಗ ಎಲೆ ಏಳ್ತದ, ಬೀಳ್ತದ.

ಕೆಡೋದು ಮೊಬೈಲ್ ಟಾರ್ಚಿನಿಂದ. ಬೆಳಕು ಬಿದ್ರ ಗಡಿಯಾರದ ಮುಳ್ಳೇ ಸರೀತದ. ಟಾರ್ಚಿಗೆ ಹಸಿರು ಜಿಲೆಟಿನ್ ಕಾಗದ ಮೂರು ಪದರ ಸುತ್ತಿ, ಐದು ಸೆಕೆಂಡಿನಾಗ ನೋಡಿ ಮುಚ್ರಿ. ಕೆಂಪು ಕಾಗದ ಬ್ಯಾಡ, ಗಿಡದಾಗ ಬೆಳಕು ಹಿಡಿಯೋ ಫೈಟೊಕ್ರೋಮ್ ಅನ್ನೋ ವಸ್ತು ಕೆಂಪನ್ನ ಚೆಂದಾಗಿ ಗುರುತಿಸ್ತದ. ಎರಡು ದಿನ ಸಾಕು. ಆಮ್ಯಾಲೆ ಆಹಾರ ಇಲ್ಲದ ಗಿಡ ಸೋಲ್ತದ.

ಉತ್ತರ 2:
ಥರ್ಮಾಮೀಟರ್ ಬಗ್ಗೆ ಒಂದು ಮಾತು. ಮೈ ಉಷ್ಣತೆ ನಸುಕಿನ 4–5ರ ಹೊತ್ತಿಗೆ ಕನಿಷ್ಠ, ಸಂಜೆ ಗರಿಷ್ಠ. ವ್ಯತ್ಯಾಸ ಅರ್ಧದಿಂದ ಒಂದು ಡಿಗ್ರಿ ಸೆಲ್ಸಿಯಸ್ ಅಷ್ಟೇ. ಹಾಸಿಗೆಯಿಂದ ಏಳುವ ಮುನ್ನ ಒಂದು, ಸಂಜೆ ಒಂದು ಅಳತೆ ಬೇಕೇ ಬೇಕು. ಹಾಗಾಗಿ ದಿನಕ್ಕೊಬ್ಬರಂತೆ ಮನೆಗೆ ಕೊಟ್ಟು ಕಳಿಸಿ. ಓಡಾಡಿ, ಚಹಾ ಅಥವಾ ತಣ್ಣೀರು ಕುಡಿದು ಅರ್ಧ ಗಂಟೆಯೊಳಗೆ ಅಳೆದ ಲೆಕ್ಕ ಕೆಲಸಕ್ಕೆ ಬಾರದು. ಆದರೂ ಊಟ, ಓಡಾಟದಿಂದಲೂ ಉಷ್ಣತೆ ಏರುವುದರಿಂದ ಇದು ಒಳಗಡಿಯಾರಕ್ಕೆ ಪುರಾವೆಯಲ್ಲ. ಪುರಾವೆಗೆ ಹುಣಸೆಯೇ ಸರಿ.

ನಮ್ಮ ಗಡಿಯಾರ ಎಲ್ಲಿದೆ ಎಂದರೆ, ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಮೇಲೆ, ಮೆದುಳಿನ ಬುಡದ ಭಾಗವಾದ ಹೈಪೋಥಲಾಮಸ್‌ನಲ್ಲಿ ಸುಮಾರು 20,000 ನರಕೋಶ. ಮನುಷ್ಯರಲ್ಲಿ ಅದರ ಸುತ್ತು 24 ಗಂಟೆಗಿಂತ ತುಸು ಉದ್ದ; ಬೆಳಗಿನ ಬೆಳಕು ದಿನಾ ಸರಿಪಡಿಸುತ್ತದೆ. ಗಣಿಯ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲು ನಿದ್ದೆ ಯಾಕೆ ತುಂಡಾಗುತ್ತದೆ ಎಂದು ಹಟ್ಟಿ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ ಕೇಳಿದವರು:
ಬೀರುವಿನಾಗಿನ ಸಸಿ ಹೊರಗಿನದಕ್ಕಿಂತ ಮೊದಲೇ ಮುಚ್ಚಿದ್ರ?

ಉತ್ತರ 1:
ಮಣ್ಣಿಗೆ ಬೆರಳು ಇಟ್ಟು ನೋಡ್ರಿ. ಒಣಗಿದ್ರ ಬಾಡಿದ್ದು. ಹಸಿ ಇದ್ರ ಹೆದರಬ್ಯಾಡ್ರಿ, ಬೆಳಕಿನ ಕೈಬಿಟ್ಟ ಗಡಿಯಾರ ಸರಿಯಾಗಿ 24ಕ್ಕ ನಿಲ್ಲಂಗಿಲ್ಲ. ಆ ಫರಕನ್ನೂ ಬರಸ್ರಿ.