ಮೂವತ್ತಕ್ಕೆ ಮೂವತ್ತು

"ಮೂವತ್ತಕ್ಕೆ ಮೂವತ್ತು!" ಎನ್ನುತ್ತಲೇ ಸುಬ್ಬು ಒಳಗೆ ಬಂದ. ಹೆಗಲಲ್ಲಿ ಬಟ್ಟೆಯ ಚೀಲ. ಅದರ ಮೇಲೆ ದಪ್ಪಕ್ಷರದಲ್ಲಿ 'ಓದುತ್ತಿದ್ದೇನೆ, ತೊಂದರೆ ಕೊಡಬೇಡಿ' ಎಂದು ಬರೆದಿತ್ತು.

"ಯಾವ ಪರೀಕ್ಷೆಯಲ್ಲೋ?" ಎಂದರು ವೆಂಕಣ್ಣ, ಕನ್ನಡಕ ಒರೆಸುತ್ತಾ.

"ಪರೀಕ್ಷೆ ಅಲ್ಲ ವೆಂಕಣ್ಣ. ಏಪ್ರಿಲ್ ಅಂದ್ರೆ ಓದಿನ ತಿಂಗಳು. ದಿನಕ್ಕೊಂದು ಪುಸ್ತಕದ ಚಾಲೆಂಜ್. ಎಲ್ಲಾ ಮುಗಿಸಿದೆ. ಆ್ಯಪ್‌ನಲ್ಲಿ ಪದಕ ಕೊಟ್ಟಿದ್ದಾರೆ."

"ಮುಗಿಸಿದೆ ಅಂತೀಯ. ಓದಿದೆ ಅಂತ ಬಾಯಲ್ಲಿ ಬರಲ್ಲ ನೋಡು. ಕಂತು ಮುಗಿಸಿದವನ ಹಾಗೆ ಮಾತಾಡ್ತೀಯ."

ಗುಂಡ ಲೆಕ್ಕದ ಮನುಷ್ಯ. ಅವನಿಗೆ ಅನುಮಾನ ಬಂತು. "ನಾಲ್ಕು ದಿನ ಸಾಹಿತ್ಯ ಉತ್ಸವದಲ್ಲಿ ಇದ್ದೆಯಲ್ಲೋ? ಅಲ್ಲಿ ಓದೋಕೆ ಎಲ್ಲಿ ಪುರುಸೊತ್ತು?"

"ಪ್ಲಾನಿಂಗ್ ಬೇಕಪ್ಪ. ಉತ್ಸವದ ದಿನಗಳಿಗೆ ಕವನ ಸಂಕಲನ ಇಟ್ಕೊಂಡಿದ್ದೆ. ಪುಟದ ತುಂಬಾ ಖಾಲಿ ಜಾಗ, ಬೇಗ ಬೇಗ ಹೋಗುತ್ತೆ. ಮೂರು ಮಕ್ಕಳ ಚಿತ್ರಪುಸ್ತಕ. ಎರಡು ಆಡಿಯೊ ಬುಕ್, ದುಪ್ಪಟ್ಟು ಸ್ಪೀಡಿನಲ್ಲಿ."

"ಎಚ್ಚರ ಇದ್ದೆಯಾ ಕೇಳುವಾಗ?" ಎಂದರು ಲಲಿತಕ್ಕ.

"ಒಂದಕ್ಕೆ ಇದ್ದೆ."

"ಇರಲಿ ಬಿಡಿ ಲಲಿತಾ," ಎಂದರು ವೆಂಕಣ್ಣ. "ಪುಸ್ತಕದವರ ಲೆಕ್ಕ ಯಾವಾಗಲೂ ಹೀಗೇ. 1995ರಲ್ಲಿ ಯುನೆಸ್ಕೊ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನ ಅಂತ ಗೊತ್ತು ಮಾಡಿತು. ಯಾಕೆ? 1616ರಲ್ಲಿ ಶೇಕ್ಸ್‌ಪಿಯರ್, ಸ್ಪೇನಿನ ಕಾದಂಬರಿಕಾರ ಸೆರ್ವಾಂಟಿಸ್ ಇಬ್ಬರೂ ಅವತ್ತೇ ಸತ್ತರು ಅಂತ. ಆದರೆ ಇಂಗ್ಲೆಂಡಿನಲ್ಲಿ ಆಗ ಹಳೇ ಕ್ಯಾಲೆಂಡರ್, ಸ್ಪೇನಿನಲ್ಲಿ ಹೊಸದು. ತಾರೀಕು ಒಂದೇ, ನಡುವೆ ಹತ್ತು ದಿನದ ಅಂತರ. ಸಾಲದ್ದಕ್ಕೆ ಸೆರ್ವಾಂಟಿಸ್ 22ಕ್ಕೇ ಸತ್ತು 23ಕ್ಕೆ ಮಣ್ಣಾದ ಅಂತಾರೆ. ದಿನದ ಲೆಕ್ಕವೇ ಹೀಗಿರುವಾಗ ಇವನ ಮೂವತ್ತು ಯಾವ ಮಹಾ?"

ಸುಬ್ಬುವಿಗೆ ಇದು ಬೈಗುಳವೋ ಸಮಾಧಾನವೋ ಗೊತ್ತಾಗಲಿಲ್ಲ. ನಮಗೂ ಗೊತ್ತಾಗಲಿಲ್ಲ ಅನ್ನಿ.

ಲಲಿತಕ್ಕನ ಸಿಟ್ಟು ಉತ್ಸವದ ಮೇಲೆ. "ಒಂದೇ ಹೊತ್ತಿಗೆ ಮೂರು ವೇದಿಕೆ. ಒಂದರಲ್ಲಿ ಕೂತರೆ ಇನ್ನೊಂದರ ಚಪ್ಪಾಳೆ ಕೇಳುತ್ತೆ, ಛೇ ಅಲ್ಲಿ ಹೋಗಬೇಕಿತ್ತು ಅನ್ನಿಸುತ್ತೆ. ಎದ್ದು ಹೋದರೆ ಅಲ್ಲಿ ವಂದನಾರ್ಪಣೆ. ಕೊನೆಗೆ ಒಬ್ಬ ಮೈಕ್ ಹಿಡಿದು 'ಇದು ಪ್ರಶ್ನೆಯಲ್ಲ, ಅನಿಸಿಕೆ' ಅಂತ ಶುರು ಮಾಡಿದ. ಲೇಖಕರು ನೀರು ಕುಡಿದು, ವಾಚು ನೋಡಿ, ಮತ್ತೆ ನೀರು ಕುಡಿದರು. ಅವನದು ಮುಗಿಯಲಿಲ್ಲ."

"ಆ ಮನುಷ್ಯ ಎಲ್ಲಾ ಉತ್ಸವದಲ್ಲೂ ಇರ್ತಾನೆ," ಎಂದ ಗುಂಡ. "ಸರ್ಕಾರದಿಂದಲೇ ಕಳಿಸ್ತಾರೇನೋ."

"ವೇಲ್ಸ್‌ನಲ್ಲಿ ಹೇ ಅಂತ ಪುಟ್ಟ ಊರಿದೆ," ಎಂದರು ವೆಂಕಣ್ಣ. "ಊರ ತುಂಬಾ ಹಳೇ ಪುಸ್ತಕದಂಗಡಿ. ಅಂಗಡಿಗಳು ಬಂದು ಎಷ್ಟೋ ವರ್ಷ ಆದಮೇಲೆ, 1988ರಲ್ಲಿ, ಉತ್ಸವ ಶುರುವಾಯಿತು. ಮೊದಲು ಓದು, ಆಮೇಲೆ ಜಾತ್ರೆ. ಸುಬ್ಬು ಜಾತ್ರೆಗೆ ಹೋಗಿ ದೇವರನ್ನು ಮರೆತು ಚೀಲ ತಂದಿದ್ದಾನೆ."

"ಚೀಲ ಮಾತ್ರ ಅಲ್ಲ, ಗಿವ್‌ಅವೇಯಲ್ಲಿ ಪುಸ್ತಕವೂ ಪುಕ್ಕಟೆ ಬಂತು!" ಎಂದ ಸುಬ್ಬು. "ಪೇಜ್ ಫಾಲೋ ಮಾಡಬೇಕು, ಲೈಕ್ ಒತ್ತಬೇಕು, ಮೂವರು ಓದುಗ ಗೆಳೆಯರನ್ನು ಟ್ಯಾಗ್ ಮಾಡಬೇಕು."

"ಹಾಗಾದ್ರೆ ನನ್ನನ್ನು ಏಳು ಸಲ ಟ್ಯಾಗ್ ಮಾಡಿದ್ದು ನೀನೇನಾ?" ಲಲಿತಕ್ಕ ಎದ್ದೇ ನಿಂತರು.

"ನಮ್ಮ ಕಾಲದಲ್ಲೂ ಗಿವ್‌ಅವೇ ಇತ್ತು," ಎಂದರು ವೆಂಕಣ್ಣ. "ಓದಿ ಕೊಡ್ತೀನಿ ಅಂತ ಒಯ್ಯುತ್ತಿದ್ದರು. ಟ್ಯಾಗ್ ಇರಲಿಲ್ಲ, ಪುಸ್ತಕ ವಾಪಸೂ ಬರ್ತಿರಲಿಲ್ಲ. ಎಲ್ಲಿ, ಕೊಡು ನೋಡೋಣ."

ಸುಬ್ಬು ಪುಸ್ತಕ ಕೊಟ್ಟು, ಫೋನ್ ತೆಗೆದು ತಾನು ಬರೆದ ವಿಮರ್ಶೆ ಓದತೊಡಗಿದ. "ಕೊನೆಯ ಅಧ್ಯಾಯ ನನ್ನನ್ನು ಬುಡಸಮೇತ ಅಲ್ಲಾಡಿಸಿತು. ಎರಡು ರಾತ್ರಿ ನಿದ್ದೆಯಿಲ್ಲ. ಐದಕ್ಕೆ ಐದು ನಕ್ಷತ್ರ."

ವೆಂಕಣ್ಣ ಪುಸ್ತಕವನ್ನು ಹಿಂದಿನಿಂದ ತೆರೆದರು. ಮೂವತ್ತು ವರ್ಷ ಪ್ರೂಫ್ ನೋಡಿದ ಕಣ್ಣು, ಅಭ್ಯಾಸ ಹಾಗೆ.

"ಒಟ್ಟು ಎಷ್ಟು ಪುಟವೋ?"

"ಆ್ಯಪ್‌ನಲ್ಲಿ 208."

"ಇಲ್ಲಿ 192ಕ್ಕೇ ನಿಂತಿದೆ. ಹದಿನಾರು ಪುಟಕ್ಕೆ ಒಂದು ಫಾರಂ. ಬೈಂಡಿಂಗ್‌ನಲ್ಲಿ ಕೊನೇ ಫಾರಂ ಬಿಟ್ಟುಹೋಗಿದೆ."

ಯಾರೂ ಮಾತಾಡಲಿಲ್ಲ. ಗುಂಡ ಮಾತ್ರ ನಗು ತಡೆಯಲಾಗದೆ ಕೆಮ್ಮಿದ.

"ನಾನು... ಓಪನ್ ಎಂಡಿಂಗ್ ಅಂದ್ಕೊಂಡೆ," ಎಂದ ಸುಬ್ಬು.

"ಕೊನೇ ಸಾಲು ಕೇಳು. 'ಅವಳು ನಡುಗುವ ಕೈಯಲ್ಲಿ ಬಾಗಿಲು ತೆಗೆದು ನೋಡಿದರೆ ಅಲ್ಲಿ'. ಅಷ್ಟೇ. ಪೂರ್ಣವಿರಾಮಕ್ಕೂ ಓಪನ್ ಎಂಡಿಂಗ್ ಏನೋ?"

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಸುಬ್ಬುವೂ ನಕ್ಕ, ಸ್ವಲ್ಪ ತಡವಾಗಿ. ವೆಂಕಣ್ಣ ನಗಲಿಲ್ಲ. ಆ 192ನೇ ಪುಟವನ್ನೇ ಸವರುತ್ತಿದ್ದರು.

"ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ಕತೆ ಪುಸ್ತಕ. ರಟ್ಟಿಲ್ಲ, ಹೆಸರಿಲ್ಲ, ಕೊನೆ ಫಾರಂ ಇಲ್ಲ. ಎಷ್ಟು ಸಲ ಓದಿದೆನೋ. ಪ್ರತಿ ಸಲ ಒಂದು ಕೊನೆ ಕಟ್ಟಿಕೊಳ್ಳುತ್ತಿದ್ದೆ. ಜ್ವರ ಬಂದಾಗ ಎಲ್ಲರೂ ಸಾಯ್ತಿದ್ದರು, ರಜಾ ಬಂದಾಗ ಬದುಕುತ್ತಿದ್ದರು."

"ಆಮೇಲೆ ಸಿಕ್ಕಿತಾ ಪೂರ್ತಿ?" ಎಂದರು ಲಲಿತಕ್ಕ.

"ಸಿಕ್ಕಿತು. ಮರುಮುದ್ರಣ ಅಂತ ನನ್ನ ಮೇಜಿಗೇ ಪ್ರೂಫ್ ಬಂತು. ಮೂರನೇ ಸಾಲಿಗೇ ಗುರುತು ಹಿಡಿದೆ. ಕೊನೇ ಫಾರಂ ಬಂದಾಗ ಪೆನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಒಂದು ತಪ್ಪೂ ತಿದ್ದಲಿಲ್ಲ. ಹದಿನಾರು ಪುಟದಲ್ಲಿ ನಲವತ್ತು ತಪ್ಪು ಹಾಗೇ ಅಚ್ಚಾಯಿತು. ಚೆನ್ನಾಗಿ ಬೈಸಿಕೊಂಡೆ."

"ಕೊನೆ ಹೇಗಿತ್ತು?"

"ಸುಮಾರಾಗಿತ್ತು. ನನ್ನ ಜ್ವರದ್ದೇ ಚೆನ್ನಾಗಿತ್ತು."

ಸ್ವಲ್ಪ ಹೊತ್ತಾದ ಮೇಲೆ ಗುಂಡ ಕೇಳಿದ, "ಅಂದಹಾಗೆ ಆ ಬಾಗಿಲಾಚೆ ಯಾರಿದ್ದರು?"

"ಕೊರಿಯರ್‌ನವನು," ಎಂದರು ಲಲಿತಕ್ಕ. "ಗಿವ್‌ಅವೇ ತಂದಿರ್ತಾನೆ."

"ಗಂಡ ಇರಬೇಕು. ಸತ್ತ ಅಂತ ತಿಳಿದಿದ್ದ ಗಂಡ."

"ಅವಳಿಗೆ ಮದುವೆ ಆಗಿತ್ತಾ? ಲೋ ಸುಬ್ಬು, ನೀನು ಓದಿದ್ದೀಯಲ್ಲ, ಹೇಳೋ."

ಸುಬ್ಬು ಉತ್ತರ ಕೊಡಲಿಲ್ಲ. ವೆಂಕಣ್ಣನ ಕೈಯಿಂದ ಪುಸ್ತಕ ಇಸಿದುಕೊಂಡು ಆಗಲೇ ಮೂಲೆ ಸೇರಿದ್ದ. ಮೊದಲನೇ ಪುಟ ತೆರೆದಿತ್ತು.

"ಇದು ಮೇ ತಿಂಗಳ ಲೆಕ್ಕಕ್ಕೇನೋ?" ಎಂದು ಗುಂಡ ಕೂಗಿದ.

ಸುಬ್ಬು ತಲೆ ಎತ್ತದೆ ಕಾಲ ಬಳಿಯ ಚೀಲವನ್ನು ನಮ್ಮ ಕಡೆಗೆ ತಿರುಗಿಸಿಟ್ಟ.