ವೈದ್ಯಕೀಯ ಕೋರ್ಸಿಗೆ ಸೇರುವ ಮೊದಲು ಮನೋವಿಜ್ಞಾನದಲ್ಲಿ ಏನನ್ನು ಓದಿಕೊಳ್ಳಬೇಕು?

ಪ್ರಶ್ನೆ

ವೈದ್ಯಕೀಯ ಶಿಕ್ಷಣಕ್ಕೆ ಸೇರುವ ತಯಾರಿಯಲ್ಲಿದ್ದೇನೆ. ಜೀವಶಾಸ್ತ್ರ, ರಸಾಯನಶಾಸ್ತ್ರಗಳ ಓದು ಒಂದು ಹಂತಕ್ಕೆ ಬಂದಿರುವುದರಿಂದ, ಈಗ ಸಿಕ್ಕಿರುವ ಬಿಡುವಿನಲ್ಲಿ ಮನೋವಿಜ್ಞಾನವನ್ನು ತಕ್ಕಮಟ್ಟಿಗೆ ಓದಿಕೊಳ್ಳಬೇಕೆಂದಿದ್ದೇನೆ. ಆದರೆ ಪಠ್ಯಪುಸ್ತಕದಲ್ಲಿ ಫ್ರಾಯ್ಡ್‌ನಿಂದ ಹಿಡಿದು ಸ್ಕಿಜೋಫ್ರೇನಿಯಾದವರೆಗೆ ಎಲ್ಲವೂ ಇದೆ. ಮಾನಸಿಕ ಕಾಯಿಲೆಗಳ ಅಧ್ಯಾಯಗಳಿಂದಲೇ ಆರಂಭಿಸುವುದು ಸರಿಯೇ? ಮನೋವೈದ್ಯನಾಗುವ ಉದ್ದೇಶವಿಲ್ಲದವನಿಗೆ ಯಾವ ಭಾಗ ಉಪಯೋಗಕ್ಕೆ ಬರುತ್ತದೆ?

ಉತ್ತರ 1

ಕಾಯಿಲೆಗಳ ಅಧ್ಯಾಯಗಳನ್ನು ಸದ್ಯಕ್ಕೆ ಬದಿಗಿಡಿ. ಅವನ್ನು ಕೋರ್ಸಿನಲ್ಲಿ ಹೇಗೂ ಕಲಿಸುತ್ತಾರೆ. ಆರೋಗ್ಯವಂತ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅಲ್ಲಿ ಅಷ್ಟು ಸಮಯ ಸಿಗಲಾರದು.

ನೆನಪಿನ ಅಧ್ಯಾಯದಿಂದ ಆರಂಭಿಸಿ. ವೈದ್ಯರು ಹೇಳಿದ ವಿಷಯದಲ್ಲಿ ಶೇ. 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆಂದು 2003ರ ಒಂದು ಪ್ರಸಿದ್ಧ ವಿಮರ್ಶಾ ಲೇಖನ ಹೇಳುತ್ತದೆ. ಗೆಡ್ಡೆ ಕ್ಯಾನ್ಸರ್ ಎಂದು ತಿಳಿದ ಕ್ಷಣದಲ್ಲಿ ರೋಗಿಯ ಗಮನವೆಲ್ಲ ಆ ಒಂದು ಪದದ ಮೇಲೆಯೇ ನಿಲ್ಲುತ್ತದೆ. ಅದರ ಬೆನ್ನಿಗೇ ವಿವರಿಸಿದ ಮಾತ್ರೆ, ಸ್ಕ್ಯಾನ್, ಮುಂದಿನ ಭೇಟಿಯ ದಿನಾಂಕ ಯಾವುದೂ ತಲೆಗೆ ಹೋಗುವುದಿಲ್ಲ. ಇದನ್ನು ತಿಳಿದ ವೈದ್ಯರು "ಅರ್ಥವಾಯಿತೇ?" ಎಂದು ಕೇಳಿ ಸುಮ್ಮನಾಗದೆ, "ಈ ಮಾತ್ರೆಯನ್ನು ಯಾವಾಗ, ಹೇಗೆ ತೆಗೆದುಕೊಳ್ಳುತ್ತೀರಿ, ನೀವೇ ಒಮ್ಮೆ ಹೇಳಿ" ಎನ್ನುತ್ತಾರೆ. ಮೊದಲ ಪ್ರಶ್ನೆಗೆ ಎಲ್ಲರೂ ತಲೆಯಾಡಿಸುತ್ತಾರಲ್ಲವೇ?

ಉತ್ತರ 2

ಮೇಲಿನ ಮಾತು ಸರಿ, ಆದರೆ ಅದು ರೋಗಿಯ ಮನಸ್ಸಿನ ಕುರಿತಾದದ್ದು. ವೈದ್ಯರ ಮನಸ್ಸೂ ಅದೇ ವಿಜ್ಞಾನದ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ವಿವರಿಸಿದ ನಿರ್ಣಯದೋಷಗಳನ್ನು (ತೀರ್ಮಾನಿಸುವಾಗ ಮನಸ್ಸು ಮತ್ತೆ ಮತ್ತೆ ಮಾಡುವ ತಪ್ಪುಗಳನ್ನು) ನಾನಂತೂ ಮೊದಲ ಸ್ಥಾನದಲ್ಲಿಡುತ್ತೇನೆ.

1978ರಲ್ಲಿ ಹಾರ್ವರ್ಡ್‌ನ ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ಒಂದು ಲೆಕ್ಕವನ್ನು ಇಡಲಾಯಿತು. ಕಾಯಿಲೆ ಸಾವಿರಕ್ಕೆ ಒಬ್ಬರಲ್ಲಿ ಇದೆ. ಪರೀಕ್ಷೆಯು ಕಾಯಿಲೆಯಿಲ್ಲದವರಲ್ಲಿ ಶೇ. 5ರಷ್ಟು ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಬೇರೇನೂ ಗೊತ್ತಿಲ್ಲದ ಒಬ್ಬರ ಫಲಿತಾಂಶ ಪಾಸಿಟಿವ್ ಬಂದರೆ ಕಾಯಿಲೆ ಇರುವ ಸಾಧ್ಯತೆ ಎಷ್ಟು? ಅತಿ ಹೆಚ್ಚು ಮಂದಿ ಕೊಟ್ಟ ಉತ್ತರ ಶೇ. 95. ಈಗ ಸಾವಿರ ಜನರನ್ನೇ ಕಣ್ಣಮುಂದೆ ತಂದುಕೊಳ್ಳಿ: ಕಾಯಿಲೆಯಿರುವವರು ಒಬ್ಬರು, ಸುಮ್ಮನೆ ಪಾಸಿಟಿವ್ ಬರುವವರು ಸುಮಾರು 50. ಆ ಒಬ್ಬರನ್ನು ಪರೀಕ್ಷೆ ತಪ್ಪದೆ ಹಿಡಿದರೂ ಸಾಧ್ಯತೆ 51ರಲ್ಲಿ 1, ಅಂದರೆ ಸುಮಾರು ಶೇ. 2 ಮಾತ್ರ. ಬುದ್ಧಿವಂತರಲ್ಲದವರು ಮಾಡಿದ ತಪ್ಪೇನೂ ಇದಲ್ಲ. ಮೂಲ ಪ್ರಮಾಣವನ್ನು, ಅಂದರೆ ಕಾಯಿಲೆ ಒಟ್ಟು ಜನರಲ್ಲಿ ಎಷ್ಟು ಮಂದಿಗಿದೆ ಎಂಬುದನ್ನು, ಕಡೆಗಣಿಸುವುದು ಮನುಷ್ಯಸಹಜ ಪ್ರವೃತ್ತಿ. ಈ ಎಡವಟ್ಟಿನಿಂದ ಅನಗತ್ಯ ಬಯಾಪ್ಸಿ, ಅನಗತ್ಯ ಭಯ ಎರಡೂ ಹುಟ್ಟುತ್ತವೆ.

ಉತ್ತರ 3

ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಮೆರಿಕದ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ 2015ರಿಂದ ಮನೋವಿಜ್ಞಾನ ಮತ್ತು ಸಮಾಜಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದೆ. ಇದು ಸ್ವಾಗತಾರ್ಹವೇ ಆದರೂ, ಪರೀಕ್ಷೆಗಾಗಿ ಓದುವವರು ಸಿದ್ಧಾಂತಗಳ ಹೆಸರುಗಳನ್ನು ಉರುಹೊಡೆದು ಅವನ್ನೇ ರೋಗಿಯ ಮೇಲೆ ಹೊರಿಸುವ ಅಪಾಯವಿದೆ. ಮನೋವೈದ್ಯೆ ಕೂಬ್ಲರ್-ರಾಸ್ 1969ರಲ್ಲಿ ಮಂಡಿಸಿದ ಐದು ಹಂತಗಳನ್ನೇ (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ) ನೋಡಿ: ದುಃಖದಲ್ಲಿರುವವರೆಲ್ಲ ಅದೇ ಕ್ರಮದಲ್ಲಿ ಸಾಗುತ್ತಾರೆ ಎಂಬುದಕ್ಕೆ ಸಂಶೋಧನೆಯ ಬಲವಾದ ಆಧಾರವಿಲ್ಲ. ಆದರೂ ಮರಣಶಯ್ಯೆಯಲ್ಲಿರುವವರು ಕೋಪಗೊಳ್ಳದಿದ್ದರೆ "ಇನ್ನೂ ನಿರಾಕರಣೆಯ ಹಂತದಲ್ಲಿದ್ದಾರೆ" ಎಂದು ಷರಾ ಬರೆಯುವವರು ಇದ್ದಾರೆ.

ಇದಕ್ಕೆ ಹೋಲಿಸಿದರೆ ಪಾವ್ಲೋವ್‌ನ ಅನುಬಂಧಿತ ಪ್ರತಿಕ್ರಿಯೆ (ಸದಾ ಜೊತೆಯಾಗಿ ಬರುವ ಎರಡು ಸಂಗತಿಗಳಲ್ಲಿ ಒಂದು ಎದುರಾದರೂ ದೇಹ ಇನ್ನೊಂದಕ್ಕೆ ಪ್ರತಿಕ್ರಿಯಿಸಿದಂತೆಯೇ ಪ್ರತಿಕ್ರಿಯಿಸುವುದು) ಹಳೆಯದಾದರೂ ಗಟ್ಟಿಯಾದ ಜ್ಞಾನ. ಕೀಮೋಥೆರಪಿ ಪಡೆಯುವವರಲ್ಲಿ ಕೆಲವರಿಗೆ ಔಷಧ ಕೊಡುವ ಮೊದಲೇ, ಆಸ್ಪತ್ರೆಯ ವಾಸನೆಗೇ ವಾಕರಿಕೆ ಬರುವುದೇಕೆಂದು ಅದು ವಿವರಿಸುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಎರಡನೆಯ ಉತ್ತರವನ್ನು ನೋಡಿದರೆ ಮೊದಲು ಸಂಖ್ಯಾಶಾಸ್ತ್ರವನ್ನೇ ಓದಬೇಕಾದೀತೇನೋ ಎನಿಸುತ್ತಿದೆ.

ಉತ್ತರ 2 ನೀಡಿದವರು

ಪೂರ್ತಿ ಬೇಡ. ಷರತ್ತುಬದ್ಧ ಸಂಭವನೀಯತೆಯ (ಒಂದು ಸಂಗತಿ ಗೊತ್ತಿರುವಾಗ ಇನ್ನೊಂದರ ಸಾಧ್ಯತೆ ಎಷ್ಟೆಂಬುದರ) ಒಂದು ಅಧ್ಯಾಯ ಸಾಕು. ಆದರೆ ಶೇಕಡಾವಾರಿನ ಬದಲು "ಸಾವಿರದಲ್ಲಿ ಇಷ್ಟು ಜನ" ಎಂದೇ ಲೆಕ್ಕ ಮಾಡಿ. ಮುಂದೆ ರೋಗಿಗಳಿಗೂ ಹಾಗೆಯೇ ವಿವರಿಸಲು ಸುಲಭವಾಗುತ್ತದೆ.